ಒಂದು ಚಮಚ ಹೆಪ್ಪು

ಎಂಟು ಗ್ರಹಗಳು ಒಂದೇ ರಾಶಿಗೆ ಬಂದ ವರ್ಷ ನಮ್ಮೂರ ಛತ್ರಕ್ಕೆ ಒಬ್ಬರು ಸ್ವಾಮಿಗಳು ಬಂದರು. "ಭಾನುವಾರ ಬೆಳಗಾಗುವಷ್ಟರಲ್ಲಿ ಪ್ರಳಯ! ನಾಳೆಗೆಂದು ಒಂದು ಕಾಳು ಇಟ್ಟುಕೊಂಡವನಿಗೂ ನರಕವೇ ಗತಿ. ಎಲ್ಲ ತಂದು ಹೋಮಕ್ಕೆ ಸುರಿಯಿರಿ," ಎಂದು ಗುಡುಗಿದರು. ಹೆದರಿದ ಜನ ಬಿತ್ತನೆಯ ಕಾಳನ್ನೂ ಹೊತ್ತು ತಂದರು.

ಛತ್ರದಲ್ಲಿ ಅಡುಗೆ ಮಾಡುತ್ತಿದ್ದವಳು ನಮ್ಮ ಸೋದರತ್ತೆ ತುಂಗಮ್ಮ. ವಾರದಿಂದ ಸ್ವಾಮಿಗಳ ಊಟ ನೋಡುತ್ತಿದ್ದಳು. ಗಟ್ಟಿ ಮೊಸರಿಲ್ಲದೆ ಅವರು ಎಲೆ ಬಿಟ್ಟು ಏಳುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಊರೆಲ್ಲ ಚೀಲ ಹಿಡಿದು ಕೂತಿತ್ತು. ಅತ್ತೆ ಮೊಸರಿನ ಗಡಿಗೆಯನ್ನೇ ಸ್ವಾಮಿಗಳ ಎಲೆಗೆ ಬಗ್ಗಿಸಿ, ತಳ ಕೆರೆಯತೊಡಗಿದಳು.

ಸ್ವಾಮಿಗಳು ಗಾಬರಿಯಿಂದ ಕೈ ಅಡ್ಡ ಹಿಡಿದರು. "ಅಯ್ಯೋ, ಪೂರ್ತಿ ಖಾಲಿ ಮಾಡಬೇಡಮ್ಮ! ಹೆಪ್ಪಿಗೆ ಒಂದು ಚಮಚ ಇಟ್ಟುಕೋ. ಇಲ್ಲದಿದ್ದರೆ ನಾಳೆ ಮೊಸರಿಗೇನು ಮಾಡ್ತೀಯ?"

ಅತ್ತೆ ಸೌಟು ಕೆಳಗಿಟ್ಟಳು.

"ಕೇಳಿದಿರಾ? ನಾಳೆಯೂ ಊಟ ಇದೆಯಂತೆ. ಚೀಲ ಎತ್ಕೊಂಡು ಮನೆಗೆ ಹೋಗ್ರಪ್ಪ."

ಜನ ಒಬ್ಬೊಬ್ಬರಾಗಿ ಎದ್ದು ಚೀಲ ಹೆಗಲಿಗೇರಿಸಿದರು.

ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಅವತ್ತು ಗಡಿಗೆಯ ತಳದಲ್ಲಿ ಉಳಿದು, ಅವಳು ಮನೆಗೆ ತಂದ ಆ ಒಂದು ಚಮಚ ಹೆಪ್ಪಿನಿಂದ ಮರುದಿನದ ಮೊಸರು, ಅದರಿಂದ ಅದರ ಮರುದಿನದ್ದು. ನಮ್ಮ ಮನೆಯಲ್ಲಿ ಇವತ್ತಿಗೂ ಅದೇ ಮೊಸರು.