ಮರಳಿನ ಹೂವು, ಬಾವಿಯ ಹಗ್ಗ

ಮರಳುಗಾಡಿನ ಅಂಚಿನಲ್ಲಿ ಮರುಳಯ್ಯನವರ ಆಶ್ರಮ. ಅದರ ಮುಂದೆ, ದಾರಿಹೋಕರಿಗೆಂದು ಅವರೇ ಬೆಳೆಸಿದ ಒಂದು ಹೂದೋಟ. ಯಾರು ಬೇಕಾದರೂ ಒಳಗೆ ಬರಬಹುದಿತ್ತು, ನೋಡಬಹುದಿತ್ತು, ನೆರಳಲ್ಲಿ ಕೂರಬಹುದಿತ್ತು.

ಆ ತೋಟದ ಬಾಗಿಲಿಗೆ ಬೀಗವಿರಲಿಲ್ಲ. ಅದು ಮರುಳಯ್ಯನವರ ನಿಯಮ.

ಗಿಡಗಳಿಗೆ ನೀರು ಹಾಕುವುದು ಶಿಷ್ಯೆ ಸಾವಂತ್ರಿಯ ಕೆಲಸ. ತೋಟದೊಳಗಿನ ಬಾವಿ ಆಳ. ಬೆಳಿಗ್ಗೆ ಸೇದಿ ಹಾಕಬೇಕು, ಸಂಜೆ ಮತ್ತೆ ಸೇದಿ ಹಾಕಬೇಕು. ಈ ಕೆಲಸಕ್ಕೆ ನಿಂತಾಗ ಅವಳ ತಲೆಯಲ್ಲಿ ಒಂದೂ ಬಿಳಿಕೂದಲಿರಲಿಲ್ಲ.

ಆ ಚೈತ್ರದಲ್ಲೂ ಪೇಟೆಯ ಜನ ಹೂ ನೋಡಲು ಬಂದರು. ಜವಳಿ ಅಂಗಡಿಯ ಚಂದ್ರಯ್ಯಶೆಟ್ಟರು ಕೈ ಹಿಂದೆ ಕಟ್ಟಿಕೊಂಡು ಪಾತಿಗಳ ನಡುವೆ ಓಡಾಡಿದರು.

“ಏನಮ್ಮ, ಹೋದ ಸಲ ಚೆಂಡುಹೂವು ಇದರ ಎರಡರಷ್ಟಿತ್ತಲ್ಲ?”

“ಹೋದ ಸಲ ನನ್ನ ಬೆನ್ನೂ ನೆಟ್ಟಗಿತ್ತು, ಶೆಟ್ಟರೇ.”

“ಬೆನ್ನಿನ ಮಾತು ವೈದ್ಯರಿಗೆ ಹೇಳು. ನಾವು ಬಂದದ್ದು ಹೂ ನೋಡಲು.”

ಜೊತೆಯಲ್ಲಿದ್ದವರು ನಕ್ಕರು. ಸಾವಂತ್ರಿಯೂ ನಕ್ಕಳು. ಅವರು ಹೋದ ಮೇಲೆ ಬಾವಿಕಟ್ಟೆಯ ಮೇಲೆ ಕುಳಿತಳು. ಏಳಲು ಹೋದರೆ ಆಗಲಿಲ್ಲ.

ಅದೇ ಸಂಜೆ ಒಂಟೆಯವನೊಬ್ಬ ಬಂದು ನೀರು ಕೇಳಿ ಕುಡಿದ.

“ಒಳಗೆ ಮರಳಿನಲ್ಲಿ ಒಂದು ಒಳ್ಳೆಯ ಮಳೆ ಬಿದ್ದಿತ್ತು,” ಅಂದ. “ಈಗ ಕಾಲಿಡಲು ಜಾಗವಿಲ್ಲ. ಬರೀ ಹೂವು.”

“ಅಲ್ಲಿ ನೀರು ಹಾಕುವವರು ಯಾರು?”

ಒಂಟೆಯವನು ಅವಳ ಮುಖ ನೋಡಿದ. “ಒಳ್ಳೆಯ ಪ್ರಶ್ನೆ ಕೇಳಿದೆ ತಾಯಿ,” ಎಂದು ತಲೆ ಕೊಡವಿ ಹೊರಟುಹೋದ.

ಸಾವಂತ್ರಿ ಖಾಲಿ ಕೊಡವನ್ನು ತಂದು ಗುರುವಿನ ಮುಂದೆ ಇಟ್ಟಳು.

“ಇದನ್ನು ತೆಗೆದುಕೊಳ್ಳಿ, ಅಯ್ಯನವರೇ. ನಾನು ಆಶ್ರಮ ಬಿಟ್ಟು ಹೊರಡುತ್ತೇನೆ.”

“ಏನಾಯಿತು?”

“ಯಾರೂ ಒಂದು ಹನಿ ನೀರು ಹಾಕದ ಕಡೆ ಕಾಲಿಡಲು ಜಾಗವಿಲ್ಲದಷ್ಟು ಹೂ ಬಿಟ್ಟಿದೆಯಂತೆ. ಹಾಗಾದರೆ ನಾನು ಇಷ್ಟು ವರ್ಷ ಮಾಡಿದ್ದೇನು?”

“ನೀನು ನೋಡಿದೆಯಾ?”

“ಇಲ್ಲ. ಒಂಟೆಯವನು ಹೇಳಿದ.”

“ನೋಡಿ ಬರೋಣ. ಆಮೇಲೆ ಹೊರಡು.”

“ನಿಮ್ಮ ಕೈಲಿ ಅಷ್ಟು ದೂರ ನಡೆಯಲಾಗುತ್ತದೆಯೇ?”

“ನಿನ್ನ ಕೈಲಿ?”

“ಆಗುವುದಿಲ್ಲ.”

“ಒಳ್ಳೆಯದಾಯಿತು. ನಿಧಾನವಾಗಿ ಹೋಗೋಣ.”

ಬೆಳಕು ಹರಿಯುವಾಗಲೇ ಹೊರಟರು. ಸಾವಂತ್ರಿ ಕುಡಿಯುವ ನೀರನ್ನು ಒಂದು ಸೋರೆಬುರುಡೆಯಲ್ಲಿ ತುಂಬಿ ಹೆಗಲಿಗೆ ಹಾಕಿಕೊಂಡಳು. ಮರಳಿನಲ್ಲಿ ಒಂದು ಹೆಜ್ಜೆ ಎತ್ತಿಡುವುದೇ ಒಂದು ಕೆಲಸವಾಗಿತ್ತು.

“ಇವತ್ತು ನೀರಿಲ್ಲದಿದ್ದರೂ ಮಲ್ಲಿಗೆ ಹೇಗೋ ತಡೆದುಕೊಳ್ಳುತ್ತದೆ,” ಅವಳು ತನ್ನಷ್ಟಕ್ಕೆ ಹೇಳಿಕೊಂಡಳು. “ಚೆಂಡುಹೂವು ತಡೆಯುವುದಿಲ್ಲ.”

“ಬಿಟ್ಟು ಹೊರಡುವವಳಿಗೆ ಅದರ ಚಿಂತೆ ಯಾಕೆ?”

ಅವಳು ಬುರುಡೆಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಮುಂದೆ ನಡೆದಳು.

ನಡುಹಗಲಿಗೆ ಒಂದು ಮರಳಿನ ದಿಣ್ಣೆ ಹತ್ತಿ ಆಚೆ ನೋಡಿದರು. ಒಂಟೆಯವನು ಸುಳ್ಳು ಹೇಳಿರಲಿಲ್ಲ. ಹಳದಿ, ಬಿಳಿ, ತಿಳಿ ನೇರಳೆ. ಕಣ್ಣು ಹರಿಯುವವರೆಗೂ ಹೂವು. ಯಾವುದೂ ಪಾದದ ಗಂಟಿಗಿಂತ ಎತ್ತರವಿರಲಿಲ್ಲ. ಪಾತಿ ಇಲ್ಲ, ಬೇಲಿ ಇಲ್ಲ, ಹೋದ ಸಲ ಇದಕ್ಕಿಂತ ದೊಡ್ಡದಿತ್ತು ಎನ್ನುವವರಿಲ್ಲ.

ಸಾವಂತ್ರಿ ಕುಳಿತುಬಿಟ್ಟಳು.

“ಇವೆಲ್ಲ ಎಲ್ಲಿಂದ ಬಂದವು, ಅಯ್ಯನವರೇ?”

“ಇಲ್ಲೇ ಇದ್ದವು.”

“ನಾನು ಆಶ್ರಮಕ್ಕೆ ಬಂದದ್ದು ಇದೇ ದಾರಿಯಲ್ಲಿ. ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.”

“ಹಿಂದಿನ ಸಲ ಇಲ್ಲಿ ಹೂ ಬಿಟ್ಟಾಗ ನನ್ನ ಗಡ್ಡ ಕಪ್ಪಗಿತ್ತು.”

ಅವಳು ಅವರ ಗಡ್ಡ ನೋಡಿದಳು. ಹತ್ತಿಯಂತಿತ್ತು.

“ಅಲ್ಲಿಂದ ಇಲ್ಲಿಯವರೆಗೆ ಇವು ಏನು ಮಾಡುತ್ತಿದ್ದವು?”

“ಬೀಜವಾಗಿ ಮಲಗಿದ್ದವು.”

“ಅಷ್ಟು ವರ್ಷವೂ?”

“ಮಳೆ ಬರುವವರೆಗೆ.”

“ಯಾರೂ ಎಬ್ಬಿಸಲಿಲ್ಲವೇ?”

“ಶೆಟ್ಟರಿಗೆ ಈ ದಾರಿ ಗೊತ್ತಿಲ್ಲ.”

ಸಾವಂತ್ರಿಗೆ ನಗು ಬಂತು. ನಗುನಗುತ್ತಲೇ ಕಣ್ಣಲ್ಲಿ ನೀರು ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಅವಳ ಪಾದದ ಬಳಿ ಒಂದು ಹಳದಿ ಹೂವು ಬಿಸಿಲಿಗೆ ತಲೆ ಬಾಗಿಸಿತ್ತು. ಅವಳು ಬಗ್ಗಿದಳು. ಬೆರಳಿನಿಂದ ಮರಳನ್ನು ಸರಿಸಿ ಗಿಡದ ಸುತ್ತ ಪಾತಿ ಮಾಡಿದಳು. ಬುರುಡೆಯ ಬಿರಡೆ ತೆಗೆದು ನೀರು ಸುರಿದಳು. ಮರಳು ಕುಡಿಯಿತು. ಇನ್ನಷ್ಟು ಸುರಿದಳು. ಅದನ್ನೂ ಕುಡಿಯಿತು.

ಕೊನೆಯ ಹನಿ ಬಿದ್ದ ಮೇಲೆ ಅವಳಿಗೆ ಎಚ್ಚರವಾಯಿತು. ಖಾಲಿ ಬುರುಡೆ ಕೈಯಲ್ಲೇ ಉಳಿಯಿತು.

ಗುರು ನೋಡುತ್ತಿದ್ದರು.

“ಅದು ನೀರು ಕೇಳಿತೇ?”

“ಇಲ್ಲ.”

“ಬಾಯಾರಿದ್ದು ಯಾರಿಗೆ?”

“ನಮಗೆ.”

“ಮತ್ತೆ?”

ಸಾವಂತ್ರಿ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಹಗ್ಗ ಉಜ್ಜಿ ಉಜ್ಜಿ ಗೆರೆಗಳೇ ಅಳಿಸಿಹೋಗಿದ್ದವು.

“ಈ ಕೈಗೆ ಸುಮ್ಮನಿರಲು ಬರುವುದಿಲ್ಲ, ಅಯ್ಯನವರೇ.”

ವಾಪಸು ಬರುವ ದಾರಿ ಹೋದ ದಾರಿಗಿಂತ ಉದ್ದವಾಗಿತ್ತು. ಗುರು ಎರಡು ಸಲ ಮುಗ್ಗರಿಸಿದರು. ಅವಳು ಹೆಗಲು ಕೊಟ್ಟಳು.

“ನಿಮ್ಮ ಪಾಲಿನ ನೀರನ್ನೂ ಸುರಿದುಬಿಟ್ಟೆ.”

“ಹೌದು,” ಅಂದರು ಗುರು.

ಹೊತ್ತು ಮುಳುಗುವಾಗ ಆಶ್ರಮ ತಲುಪಿದರು. ತೋಟದಲ್ಲಿ ಚೆಂಡುಹೂವಿನ ಗಿಡಗಳು ಸೊರಗಿ ಜೋತಿದ್ದವು. ಸಾವಂತ್ರಿ ಓಡಿಹೋಗಿ ಕೊಡವನ್ನು ಬಾವಿಗಿಳಿಸಿದಳು, ಸೇದಿದಳು, ಸೊಂಟಕ್ಕೇರಿಸಿದಳು. ತುಟಿ ಒಡೆದಿತ್ತು. ಆದರೂ ನೇರವಾಗಿ ಪಾತಿಯ ಕಡೆಗೆ ಹೊರಟಳು.

ಗುರು ಅಡ್ಡ ಬಂದು ಕೊಡದ ಕಂಠ ಹಿಡಿದರು.

“ಕುಡಿ.”

“ಮೊದಲು ನೀವು.”

ಅವರು ಬೊಗಸೆಯೊಡ್ಡಿ ಕುಡಿದರು. “ಈಗ ನೀನು.”

ಅವಳು ನಿಂತೇ ಕುಡಿದಳು. ಬಹಳ ಹೊತ್ತು ಕುಡಿದಳು.

“ಸಾಕು. ಇನ್ನು ಬಿಡಿ, ಅಯ್ಯನವರೇ. ಈಗ ಹಾಕದಿದ್ದರೆ ಬೆಳಗಾಗುವಷ್ಟರಲ್ಲಿ ಹೋಗಿಬಿಡುತ್ತವೆ.”

“ಹೋಗುವುದು ಹೋಗಲಿ.”

“ನೀವೇ ನೆಟ್ಟು ಬೆಳೆಸಿದ ತೋಟ ಇದು!”

“ಹೌದು.”

ಗುರು ಬಾವಿಯ ರಾಟೆಯಿಂದ ಹಗ್ಗ ಬಿಚ್ಚಿದರು. ಅದಕ್ಕೆ ಹೊತ್ತು ಹಿಡಿಯಿತು. ಹಗ್ಗವನ್ನು ಎಳೆದುಕೊಂಡು ತೋಟದ ಬಾಗಿಲಿಗೆ ಹೋದರು. ಎಂದೂ ಮುಚ್ಚದ ಬಾಗಿಲನ್ನು ಒಳಗಿನಿಂದ ಎಳೆದು ಮುಚ್ಚಿದರು. ಹಗ್ಗ ಸುತ್ತಿ, ಗಂಟಿನ ಮೇಲೆ ಗಂಟು ಹಾಕಿದರು.

“ನೀರು ಸೇದುವುದು ಹೇಗೆ?” ಸಾವಂತ್ರಿ ಕೇಳಿದಳು.

“ಕೊಡದಲ್ಲಿರುವುದು ಇಬ್ಬರಿಗೆ ಸಾಕು.”

“ಜನ ಬಂದರೆ?”

“ನಾನಿಲ್ಲೇ ಕೂತಿರುತ್ತೇನೆ.”

“ಹಾಗಾದರೆ ನಾನು ನಾಳೆ ಹೊರಡಲೇ, ಬೇಡವೇ?”

“ಎದ್ದ ಮೇಲೆ ಕೇಳು.”

ಬಾವಿಕಟ್ಟೆಯ ಪಕ್ಕದ ಬೇವಿನ ಮರದ ಕೆಳಗೆ ಅವರೇ ಚಾಪೆ ಹಾಸಿದರು. ಸಾವಂತ್ರಿ ಪಾತಿಗಳ ಕಡೆ ಮುಖ ಮಾಡಿ ಮಲಗಿದಳು. ಸ್ವಲ್ಪ ಹೊತ್ತಿಗೆ ತೋಟದ ಗೋಡೆಯ ಕಡೆ ತಿರುಗಿದಳು.

ಮರುದಿನ ಬಿಸಿಲೇರಿದರೂ ಅವಳು ಎದ್ದಿರಲಿಲ್ಲ.

ಚಂದ್ರಯ್ಯಶೆಟ್ಟರು ನೆಂಟರನ್ನು ಕರೆದುಕೊಂಡು ಬಂದರು. ಬಾಗಿಲು ನೂಕಿದರು. ಇನ್ನೊಮ್ಮೆ ನೂಕಿದರು. ಒಳಗೆ ಮರುಳಯ್ಯನವರು ಗೋಡೆಗೊರಗಿ ಕುಳಿತಿದ್ದರು.

“ಇದೇನಿದು, ಅಯ್ಯನವರೇ? ಈ ಬಾಗಿಲಿಗೆ ಬೀಗವಿಲ್ಲ ಎಂದವರು ನೀವೇ ಅಲ್ಲವೇ?”

“ಈಗಲೂ ಇಲ್ಲ. ಅದು ಹಗ್ಗ.”

“ವಸಂತದಲ್ಲಿ ಯಾರಾದರೂ ತೋಟ ಮುಚ್ಚುತ್ತಾರೆಯೇ? ಊರಿಂದ ನೆಂಟರು ಬಂದಿದ್ದಾರೆ.” ಶೆಟ್ಟರು ಬಾಗಿಲ ಸಂದಿಯಿಂದ ಇಣುಕಿದರು. ಚೆಂಡುಹೂವಿನ ಗಿಡಗಳು ನೆಲ ಕಚ್ಚಿದ್ದವು. ಶೆಟ್ಟರ ದನಿ ಏರಿತು. “ಹೂ ಎಲ್ಲಿ, ಅಯ್ಯನವರೇ?”

ಗುರು ಬೇವಿನ ಮರದ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ತುಟಿಯ ಮೇಲೆ ಬೆರಳಿಟ್ಟರು.

“ಮೆಲ್ಲಗೆ, ಶೆಟ್ಟರೇ. ಬೀಜ ಮಲಗಿದೆ.”