ಸೆರಗಿನ ಹಿಂದಿನ ಬಾಯಿ

ಧಾರವಾಡದ ಒಂದು ಓಣಿಯಲ್ಲಿ ಶಿವಗಂಗವ್ವ ಎಂಬ ಕಸೂತಿ ಹಾಕುವವಳಿದ್ದಳು. ಗಂಡ ತೀರಿಹೋದ ಮೇಲೆ ತಮ್ಮ ಮಹಾರುದ್ರಪ್ಪನ ಮನೆ ಸೇರಿ ಇಪ್ಪತ್ತು ವರ್ಷವಾಗಿತ್ತು. ಇಳಕಲ್ ಸೀರೆಯ ಎಳೆ ಎಣಿಸಿ ಎಣಿಸಿ ಅವಳು ಹಾಕಿದ ಗೋಪುರ, ನವಿಲುಗಳನ್ನು ಉಟ್ಟು ಎಷ್ಟೋ ಹುಡುಗಿಯರು ಹಸೆ ಏರಿದ್ದರು. ಈಗ ಎರಡೂ ಕಣ್ಣಿಗೆ ಪೊರೆ ಬಂದು ಎಳೆ ಕಾಣುತ್ತಿರಲಿಲ್ಲ. ಆಪರೇಷನ್ ಮಾಡಿಸಬಹುದಿತ್ತು. ಆದರೆ ಅವಳಿಗೆ ಸಕ್ಕರೆ ಕಾಯಿಲೆ. ಮೊದಲು ಶುಗರ್ ಇಳಿಸಿಕೊಂಡು ಬಾ ಎಂದು ಕಣ್ಣಿನ ಡಾಕ್ಟರು ಮೂರು ಸಲ ವಾಪಸ್ ಕಳಿಸಿದ್ದರು.

ಶುಗರ್ ಇಳಿಯಲೊಲ್ಲದು. ಅವಳೇನು ಉಡಾಫೆಯ ಹೆಂಗಸಲ್ಲ. ಗುಳಿಗೆ ತಪ್ಪಿಸುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಕೆರೆಯವರೆಗೆ ನಡೆಯುತ್ತಿದ್ದಳು. ಒಂದೂವರೆ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ, ಅಷ್ಟೇ ಊಟ. ಹಬ್ಬದ ಹೋಳಿಗೆಯನ್ನು ಕಣ್ಣಲ್ಲಿ ನೋಡಿ ಕೈ ತೊಳೆದುಕೊಂಡವಳು. ಆದರೂ ರಿಪೋರ್ಟ್ ಬಂದಾಗಲೆಲ್ಲ ಅಂಕಿ ಮೇಲೆಯೇ. ಮನೆಯವರು ಏನು ತಿಳಿಯಬೇಕು? ಮುದುಕಿ ಕದ್ದು ತಿನ್ನುತ್ತಾಳೆ ಎಂದು ತಿಳಿದರು.

ಅದಕ್ಕೊಂದು ಸಾಕ್ಷಿಯೂ ಸಿಕ್ಕಿತು. ಎರಡು ವರ್ಷದಿಂದ ಶಿವಗಂಗವ್ವ ಬಾಯಿಗೆ ಸೆರಗು ಅಡ್ಡ ಹಿಡಿದೇ ಮಾತಾಡುತ್ತಿದ್ದಳು. ಊಟಕ್ಕೆ ಕೂತರೆ ಒಂದೇ ಕಡೆ ನಿಧಾನವಾಗಿ ಅಗಿಯುತ್ತಿದ್ದಳು. ಎಲ್ಲರೂ ಎದ್ದರೂ ಅವಳ ದವಡೆ ಆಡುತ್ತಲೇ ಇರುತ್ತಿತ್ತು. ಸೆರಗಿನ ಹಿಂದೆ ಏನೋ ಇದೆ ಎಂದು ತಮ್ಮನ ಹೆಂಡತಿ ಇಂದ್ರವ್ವನಿಗೆ ಅನುಮಾನ. ಪಂಚಮಿ ಹಬ್ಬದಲ್ಲಿ ಬೆಲ್ಲದ ಉಂಡಿಯ ಡಬ್ಬಿಯನ್ನು ಅಡುಗೆಮನೆಯಿಂದ ಎತ್ತಿ ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಂದಿದ್ದರೆ ಶಿವಗಂಗವ್ವ ತಿರುಗಿ ಅನ್ನಬಹುದಿತ್ತು. ಆಡದ ಮಾತಿಗೆ ಉತ್ತರ ಕೊಡುವುದು ಹೇಗೆ? ಅವಳು ಬಂದರೆ ಮಾತು ನಿಲ್ಲುತ್ತಿತ್ತು, ಹೋದರೆ ಮತ್ತೆ ಶುರುವಾಗುತ್ತಿತ್ತು. ತುಂಬಿದ ಮನೆಯಲ್ಲಿ ಅವಳು ಒಂಟಿಯಾದಳು.

ಸೆರಗಿನ ಹಿಂದೆ ಒಂದು ಗುಟ್ಟು ಇದ್ದದ್ದು ನಿಜ. ಅದು ಉಂಡಿಯಲ್ಲ. ಅವಳ ಬಾಯಿ ನಾರುತ್ತಿತ್ತು. ಹಲ್ಲುಜ್ಜಿದರೆ ವಸಡಿನಿಂದ ರಕ್ತ ಬರುತ್ತಿತ್ತು. ಎಡಗಡೆಯ ಎರಡು ಹಲ್ಲು ಅಲುಗಾಡುತ್ತಿದ್ದವು. ಉಷ್ಣವಾಗಿದೆ ಎಂದು ಜೀರಿಗೆ ನೀರು ಕುಡಿದಳು. ರಕ್ತ ಬರುತ್ತದೆಂದು ಉಜ್ಜುವುದನ್ನೇ ಕಡಿಮೆ ಮಾಡಿದಳು. ಹಲ್ಲಿನ ಡಾಕ್ಟರೆಂದರೆ ಹೆದರಿಕೆ. ಹಲ್ಲಿಗೆ ಕೈ ಹಚ್ಚಿದರೆ ಕಣ್ಣಿನ ನರಕ್ಕೆ ಪೆಟ್ಟು ಎಂದು ಅವಳ ಅವ್ವ ಹೇಳಿದ್ದಳು. ಓಣಿಯಲ್ಲಿ ಇವತ್ತಿಗೂ ಹಾಗೇ ಹೇಳುತ್ತಾರೆ. ಉಳಿದಿರುವ ಚೂರು ನೋಟವನ್ನು ಯಾರು ಪಣಕ್ಕಿಡುತ್ತಾರೆ? ಕಸೂತಿ ಕಲಿಯಲು ಬಂದವರ ಬಟ್ಟೆಯನ್ನು ಮೊದಲು ಮಗುಚಿ ಹಿಂಬದಿ ನೋಡಿ ತಪ್ಪು ಹಿಡಿಯುತ್ತಿದ್ದ ಶಿವಗಂಗವ್ವ, ತನ್ನ ಬಾಯೊಳಗೆ ಮಾತ್ರ ಒಮ್ಮೆಯೂ ಕನ್ನಡಿ ಹಿಡಿದು ನೋಡಲಿಲ್ಲ.

ಮುಂದಿನ ಸಲ ಶುಗರ್ ತೋರಿಸಲು ಆಸ್ಪತ್ರೆಗೆ ಹೋದಾಗ ಅಲ್ಲಿ ಹೊಸ ಡಾಕ್ಟರಮ್ಮ ಇದ್ದಳು. ಏನು ತಿಂದಿರಿ ಎಂದು ಕೇಳಲಿಲ್ಲ. ಸೆರಗು ತೆಗೆದು ಬಾಯಿ ತೆರೆಯಿರಿ ಎಂದಳು. ಟಾರ್ಚು ಹಾಕಿ ವಸಡು ಒತ್ತಿ ನೋಡಿದಳು.

“ಅವ್ವಾರ, ನಿಮ್ಮ ವಸಡಿನಾಗ ಕೀವು ತುಂಬೈತಿ. ಮೈಯಾಗ ಇಂಥಾ ಹುಣ್ಣು ಇದ್ದರ ಗುಳಿಗಿ ಪೂರಾ ಹತ್ತೂದಿಲ್ಲ, ಶುಗರ್ ಏರತೈತಿ. ಶುಗರ್ ಏರಿದಂಗ ವಸಡು ಮತ್ತಷ್ಟು ಕೆಡತೈತಿ. ಎರಡೂ ಕೂಡೇ ಬೆಳ್ಯಾಕತ್ತಾವ.”

ಶಿವಗಂಗವ್ವ ಕಣ್ಣಿನ ನರದ ಮಾತು ಎತ್ತಿದಳು. ಅದೆಲ್ಲ ಸುಳ್ಳು, ಹಲ್ಲಿನ ಬೇರಿಗೂ ನೋಟಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರಮ್ಮ ಸಮಾಧಾನ ಹೇಳಿ, ಹಲ್ಲಿನ ವಿಭಾಗಕ್ಕೆ ಚೀಟಿ ಬರೆದುಕೊಟ್ಟಳು.

ಚೀಟಿ ಹಿಡಿದುಕೊಂಡು ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಳು. ಯಾರನ್ನಾದರೂ ಕೇಳೋಣವೆಂದರೆ ಯಾರಿದ್ದಾರೆ? ತಮ್ಮನಿಗೆ ಹೇಳಿದರೆ ಹೊಸ ನೆಪ ಹುಡುಕಿದಳು ಅಂದಾನು. ಅಳು ಬಂತು, ಅತ್ತಳು. ಎಡಬಲದಲ್ಲಿ ಜನ ಹತ್ತಿ ಇಳಿಯುತ್ತಿದ್ದರು. ಕಣ್ಣು ಹೋದರೆ ಕುರುಡಿ ಅಂದಾರು, ಹೀಗೇ ಇದ್ದರೆ ಕಳ್ಳಿಯಾಗಿಯೇ ಸಾಯಬೇಕು, ಅದಕ್ಕಿಂತ ಕುರುಡಿಯೇ ವಾಸಿ ಎಂದುಕೊಂಡು ಎದ್ದಳು.

ಹಲ್ಲಿನ ಡಾಕ್ಟರು ಅಲುಗಾಡುವ ಎರಡು ಹಲ್ಲು ತೆಗೆದರು. ಆವತ್ತು ಮನೆಗೆ ಬಂದವಳೇ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತಳು. ನಿನ್ನೆ ಎಷ್ಟು ಮಸುಕಾಗಿತ್ತೋ ಇವತ್ತೂ ಅಷ್ಟೇ ಮಸುಕು. ಕಣ್ಣಿಗೇನೂ ಆಗಿರಲಿಲ್ಲ. ಮತ್ತೆ ನಾಲ್ಕು ಸಲ ಒಬ್ಬಳೇ ಬಸ್ಸು ಹತ್ತಿ ಹೋದಳು. ವಸಡಿನ ಒಳಗೆ ಗಟ್ಟಿಯಾಗಿ ಕೂತಿದ್ದ ಕೊಳೆಯನ್ನು ಡಾಕ್ಟರು ಕೆರೆದು ತೆಗೆದರು, ಮೆತ್ತನೆಯ ಬ್ರಷ್ಷಿನಿಂದ ದಿನಕ್ಕೆರಡು ಸಲ ಉಜ್ಜುವುದನ್ನು ಕಲಿಸಿದರು. ಗುಳಿಗೆ, ನಡಿಗೆ, ಒಂದೂವರೆ ರೊಟ್ಟಿ ಮೊದಲಿನ ಹಾಗೇ ನಡೆದವು. ಮೂರು ತಿಂಗಳ ಮೇಲೆ ಶುಗರ್ ಇಳಿದಿತ್ತು. ಕಣ್ಣಿನ ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟರು.

ಮನೆಯಲ್ಲಿ ರಿಪೋರ್ಟ್ ನೋಡಿ ಇಂದ್ರವ್ವ ನಕ್ಕಳು.

“ಅಂತೂ ತಿನ್ನೂದು ಬಿಟ್ರಿ ಅಲ್ಲ ಅಕ್ಕಾರ. ಛಲೋ ಆತು ಬಿಡ್ರಿ.”

“ನಾ ತಿಂದಿರಲೇ ಇಲ್ಲವ್ವಾ,” ಎಂದಳು ಶಿವಗಂಗವ್ವ. “ವಸಡು ಹುಣ್ಣಾಗಿತ್ತು. ತೋರಿಸ್ಕೊಂಡೆ.”

ಇಂದ್ರವ್ವ ಹೂಂ ಅಂದು ಒಳಗೆ ಹೋದಳು. ಅದು ನಂಬಿದವರ ಹೂಂ ಅಲ್ಲ. ಪೇಪರು ಓದುತ್ತಿದ್ದ ಮಹಾರುದ್ರಪ್ಪ ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲ ಕಲ್ಲಿನ ಹತ್ತಿರ ಅವಳು ಹಲ್ಲುಜ್ಜುತ್ತಿದ್ದಾಗ ತಮ್ಮ ಬಂದು ಪಕ್ಕದಲ್ಲಿ ನಿಂತ. ಬಾಯಿ ಮುಕ್ಕಳಿಸಿ ಉಗುಳಿದ. ನೀರು ಕೆಂಪಾಗಿತ್ತು.

“ಅಕ್ಕಾ, ನನಗೂ ಒಂದು ವರ್ಷಾತು, ಹಿಂಗ ಬರತೈತಿ,” ಎಂದ. “ಹೋದ ತಿಂಗಳ ತೋರಿಸಿದ್ರ ಶುಗರ್ ಐತಿ ಅಂದ್ರು. ಮನ್ಯಾಗ ಹೇಳಿಲ್ಲ. ಕದ್ದು ತಿಂದಾನ ಅಂತಾರಂತ…”

ಅಕ್ಕನ ಮುಖ ನೋಡಲಾರದೆ ಅವನು ಬಗ್ಗಿಕೊಂಡೇ ಇದ್ದ.

ಎರಡು ವರ್ಷದ ಸಿಟ್ಟು ಶಿವಗಂಗವ್ವನ ಗಂಟಲವರೆಗೆ ಬಂತು. ಆಡಿಬಿಡಬಹುದಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಅವಳು ನುಂಗಿಕೊಂಡಳು.

“ಅಂಗಿ ಹಾಕ್ಕೊಂಡ ಬಾ ತಮ್ಮಾ, ಇವತ್ತ ಹೋಗೂಣು,” ಎಂದಳು. “ನನ್ನ ಕೂಡ ಯಾರೂ ಬಂದಿದ್ದಿಲ್ಲ. ನಿನ್ನ ಕೂಡ ನಾ ಬರತೀನಿ.”

ನೀತಿ: ವಸಡಿನಿಂದ ಬರುವ ರಕ್ತವನ್ನು ಉಷ್ಣವೆಂದು ತಳ್ಳಿಹಾಕಬಾರದು. ಸಕ್ಕರೆ ಕಾಯಿಲೆ ಇರುವವರು ಗುಳಿಗೆ, ಪಥ್ಯದ ಜೊತೆಗೆ ಬಾಯನ್ನೂ ಡಾಕ್ಟರಿಗೆ ತೋರಿಸಬೇಕು. ಶುಗರ್ ಏರಿತೆಂದು ಮನೆಯವರನ್ನು ಕಳ್ಳರ ಹಾಗೆ ನೋಡುವ ಮೊದಲು, ನಿನಗೆಲ್ಲಿ ನೋಯುತ್ತಿದೆ ಎಂದು ಒಂದು ಮಾತು ಕೇಳಬೇಕು.