ಗೋಡೆಯ ಮೇಲಿನ ಬೆರಳಿನ ಗೆರೆ

"ಬುದ್ಧೀ, ದೂರದ ದೇಶ ನೋಡಿ ಬಂದವನಿಗೆ ತನ್ನ ಊರು ಯಾಕೆ ಇಷ್ಟು ಸಪ್ಪೆ ಅನ್ನಿಸುತ್ತದೆ?"

ಗುರುಗಳನ್ನು ಕೇಳಿದವನು ಶಂಭುಲಿಂಗ, ಮಠದ ಶಿಷ್ಯ. ಕಾಶಿ ಕೇದಾರ ಎಲ್ಲ ಸುತ್ತಿಕೊಂಡು ಈಚೆಗಷ್ಟೇ ಮರಳಿದ್ದ. ಹೋಗುವಾಗ ಅಡಿಗೆಯ ಕೊಟ್ರಜ್ಜ ತನ್ನ ಹೆಗಲ ಮೇಲಿನ ವಸ್ತ್ರದಲ್ಲೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದ. ಆ ವಸ್ತ್ರವನ್ನು ಶಂಭುಲಿಂಗ ಈಗ ತಲೆಗೆ ಸುತ್ತಿಕೊಂಡು ತಿರುಗುತ್ತಿದ್ದ. ಬಾವಿಕಟ್ಟೆಯಲ್ಲಾಗಲಿ, ಊಟದ ಪಂಕ್ತಿಯಲ್ಲಾಗಲಿ, ಇಬ್ಬರು ಸಿಕ್ಕರೆ ಸಾಕು, ಹಿಡಿದು ಕೂರಿಸಿ ಹಿಮಾಲಯ ಹತ್ತಿಸುತ್ತಿದ್ದ. ಅವನು ಬರುವುದು ಕಂಡರೆ ಮಠದ ಹಸುಗಳೂ ಎದ್ದು ಆಚೆ ಹೋಗುತ್ತಿದ್ದವು.

"ಎಲ್ಲವೂ ಸಪ್ಪೆಯೇ?" ಎಂದು ಗುರುಗಳು ಕೇಳಿದರು.

"ಎಲ್ಲವೂ ಬುದ್ಧೀ. ಸಾರು ಕೂಡ. ಮೊದಲು ಇದೇ ಸಾರಿಗೆ ಕೈ ನೆಕ್ಕುತ್ತಿದ್ದೆ. ಈಗ ಗಂಟಲಲ್ಲಿ ಇಳಿಯುವುದಿಲ್ಲ. ದೇಶ ಸುತ್ತಿದ ಮೇಲೆ ನಾಲಿಗೆಯೂ ಮೇಲಿನ ಮೆಟ್ಟಿಲು ಹತ್ತಿಬಿಡುತ್ತದೋ ಏನೋ."

ಗುರುಗಳು ನಗಲಿಲ್ಲ. "ಕೂತುಕೋ" ಎಂದರು. ಆಮೇಲೆ ಹೀಗೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಚಿತ್ರಗಾರನಿದ್ದ. ಅವನಿಗೊಬ್ಬಳು ಹೆಂಡತಿ. ಅವನು ಚಿತ್ರ ಬರೆಯುತ್ತಿದ್ದ, ಅವಳು ಬಣ್ಣ ಅರೆಯುತ್ತಿದ್ದಳು. ಹೊಟ್ಟೆಬಟ್ಟೆಗೆ ತೊಂದರೆ ಇರಲಿಲ್ಲ, ಹೆಸರಿಗೆ ಮಾತ್ರ ತೊಂದರೆ. ಊರಾಚೆಯ ಹಳ್ಳ ದಾಟಿದರೆ ಅವನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ಹಡಗಿನ ವರ್ತಕನೊಬ್ಬ ಬಂದು, "ಸಮುದ್ರದಾಚೆಯ ದೊರೆಗಳು ಚಿತ್ರಗಾರರಿಗೆ ಮಣೆ ಹಾಕಿ ಕೂರಿಸುತ್ತಾರೆ" ಎಂದ. ಚಿತ್ರಗಾರ ಹೊರಟೇಬಿಟ್ಟ.

ಹೊರಡುವ ದಿನ ಹೆಂಡತಿಗೆ, "ಅಳಬೇಡ. ನಿನ್ನ ಮುಖ ನನ್ನ ಕೈಯಲ್ಲೇ ಇದೆ" ಎಂದ.

"ಹಾಗಾದರೆ ಕೈ ತೊಳೆಯುವಾಗ ಜೋಪಾನ" ಎಂದಳು ಅವಳು. ಅಳುತ್ತಿದ್ದರೂ ತಮಾಷೆ ಬಿಡುವವಳಲ್ಲ. ಅವರಿಬ್ಬರ ಸಂಸಾರವೇ ಹಾಗೆ, ಒಬ್ಬರನ್ನೊಬ್ಬರು ಕೆಣಕಿಕೊಂಡೇ ನಡೆಯುತ್ತಿತ್ತು.

ಅಲ್ಲಿ ಅವನು ಬಹಳ ವರ್ಷ ಇದ್ದ. ದೊರೆಗಳನ್ನು ಬರೆದ, ದೊರೆಸಾನಿಯರನ್ನು ಬರೆದ, ಅವರ ನಾಯಿಗಳನ್ನೂ ಬರೆದ. ನಾಯಿಗಳ ಚಿತ್ರಕ್ಕೇ ಹೆಚ್ಚು ಹೊಗಳಿಕೆ ಬಂತು. ಊರಿಗೆ ಬಂದ ಮೇಲೆ ಆ ಒಂದು ಸಂಗತಿಯನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ. ಬರೆದದ್ದೆಲ್ಲ ದೊರೆಗಳ ಗೋಡೆಯ ಮೇಲೇ ಉಳಿಯಿತು. ಬಿಡುವಿನಲ್ಲಿ ತನಗಾಗಿ ಬರೆದದ್ದು ಒಂದೇ, ಹೆಂಡತಿಯ ಮುಖ. ಮೂಗುತಿ ಬಂತು, ಗಲ್ಲದ ಮಚ್ಚೆ ಬಂತು, ಎಷ್ಟು ಬಾಚಿದರೂ ಹಣೆಗೆ ಇಳಿಯುವ ಒಂದೆಳೆ ಕೂದಲೂ ಬಂತು. ಕಣ್ಣು ಬರೆಯಲಿಲ್ಲ.

ಅವರ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಬದುಕಿರುವವರ ಚಿತ್ರಕ್ಕೆ ಕಣ್ಣು ಕೊನೆಗೆ. ಆ ಮನುಷ್ಯ ಎದುರಿಗೆ ಕೂತು ಚಿತ್ರಗಾರನನ್ನು ನೋಡಬೇಕು. ಅವರ ನೋಟ ಬಂದು ಇವನ ನೋಟಕ್ಕೆ ತಾಗಬೇಕು. ತಾಗಿದ ಮೇಲೇ ಕುಂಚ ಎತ್ತಬೇಕು. ನೆನಪಿನಿಂದ ಕಣ್ಣು ಬರೆದರೆ ಅದು ಚಿತ್ರವಲ್ಲ, ಹೆಣಕ್ಕೆ ಮಾಡಿದ ಅಲಂಕಾರ ಎಂದು ಅವನ ತಂದೆ ಹೇಳಿಕೊಟ್ಟಿದ್ದ. ಹಾಗಾಗಿ ಕಣ್ಣಿಲ್ಲದ ಆ ಮುಖವನ್ನು ಸುತ್ತಿಕೊಂಡು ಚಿತ್ರಗಾರ ಊರಿಗೆ ಬಂದ.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವನ ದನಿ ಕೇಳಿದ ಮೇಲೆ ಮುಂದೆ ಬಂದು, ಎರಡು ಕೈಯಿಂದ ಅವನ ಮುಖ ಹಿಡಿದು ಸವರಿದಳು. ಹಣೆ, ಮೂಗು, ಗಡ್ಡ. "ಸೊರಗಿದ್ದೀರಿ" ಎಂದಳು. ಎಂಥ ಪ್ರೀತಿ ಎಂದುಕೊಂಡ ಚಿತ್ರಗಾರ. ಬೀದಿಯಲ್ಲಿ ನಿಂತು ಮುಖ ಸವರಿಸಿಕೊಳ್ಳುವುದಕ್ಕೆ ಕೊಂಚ ನಾಚಿಕೆಯೂ ಆಯಿತು.

ಮಾರನೆಯ ದಿನದಿಂದಲೇ ಕೆಲಸದ ಕೋಣೆಯನ್ನು ತಿದ್ದಲು ಶುರುಮಾಡಿದ. ಇನ್ನು ಅದನ್ನು ಕೋಣೆ ಎಂದರೆ ಅವನಿಗೆ ಸಿಟ್ಟು. ಚಿತ್ರಶಾಲೆ ಎನ್ನಬೇಕು. ಮೂಡಣ ಕಿಟಕಿ ಮುಚ್ಚಿಸಿ ಬಡಗಣ ಕಿಟಕಿ ತೆಗೆಸಿದ. ಅಲ್ಲಿ ಹಾಗಂತೆ. ಗೋಡೆಗೆಲ್ಲ ಹಾಲಿನಂಥ ಸುಣ್ಣ ಬಳಿದ. ಅಲ್ಲಿ ಹಾಗಂತೆ. ಅಜ್ಜನ ಕಾಲದಿಂದ ನೆಲದ ಮೇಲೆ ಸಾಲಾಗಿರುತ್ತಿದ್ದ ಬಣ್ಣದ ತೆಂಗಿನ ಚಿಪ್ಪುಗಳನ್ನು ಎತ್ತಿ, ಹಲಗೆಯ ಮೇಲೆ ಹೊಸ ಕ್ರಮದಲ್ಲಿ ಜೋಡಿಸಿದ. ಅಲ್ಲಿ ನೆಲದ ಮೇಲೆ ನಾಯಿ ಮಾತ್ರ ಇರುತ್ತದಂತೆ.

ಅಂದಿನಿಂದ ದಿನಗಳು ಒಂದೇ ಥರ ಸಾಗಿದವು. ಬೆಳಿಗ್ಗೆ ಹೆಂಡತಿಯನ್ನು ಕರೆಯುತ್ತಿದ್ದ. ಅವಳು ಅಡಿಗೆಮನೆಯಿಂದ ಗೋಡೆಯ ಮಗ್ಗುಲಲ್ಲೇ ನಡೆದು ಬಂದು ಮಣೆಯ ಮೇಲೆ ಕೂರುತ್ತಿದ್ದಳು. ಮಧ್ಯಾಹ್ನ ಬೀದಿಯ ಜನ ಪರದೇಶದ ಸುದ್ದಿ ಕೇಳಲು ಬರುತ್ತಿದ್ದರು. ಸಂಜೆ ಅವನು ಸುಣ್ಣದ ಡಬ್ಬಿ ಹಿಡಿದು ಗೋಡೆ ತಿದ್ದುತ್ತಿದ್ದ. ಯಾಕೆಂದರೆ ಹೊಸ ಸುಣ್ಣದ ಮೇಲೆ ಸೊಂಟದೆತ್ತರಕ್ಕೆ, ಅಡಿಗೆಮನೆಯ ಬಾಗಿಲಿನಿಂದ ಮಣೆಯ ತನಕ, ಹೆಂಡತಿಯ ಮಸಿಬೆರಳಿನ ಗೆರೆ ಬಿದ್ದಿರುತ್ತಿತ್ತು. ಇವನು ಒರೆಸಿದಷ್ಟೂ ಅವಳು ಎಳೆಯುತ್ತಿದ್ದಳು.

"ಗೋಡೆ ಸವರಿಕೊಂಡೇ ಬರಬೇಕೇನೇ? ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ ಬಿದ್ದಿದೆ" ಎಂದು ಒಂದು ದಿನ ರೇಗಿದ.

"ಏನು ಮಾಡಲಿ, ಇಷ್ಟು ವರ್ಷ ಜೊತೆಗಿದ್ದದ್ದು ಈ ಗೋಡೆ ಒಂದೇ. ಸುಮ್ಮನೆ ಹಾದುಹೋದರೆ ಅದಕ್ಕೆ ಬೇಜಾರಾಗುತ್ತದೆ" ಎಂದಳು ಹೆಂಡತಿ.

ಇನ್ನೊಂದು ದಿನ "ಹಳದಿ ಕೊಡು" ಎಂದ. ಅವಳು ಹಲಗೆಯ ಮೇಲೆ ಕೈಯಾಡಿಸಿ ಒಂದು ಚಿಪ್ಪು ಕೊಟ್ಟಳು. ಅದರಲ್ಲಿ ಕೆಂಪಿತ್ತು.

"ಇದು ಹಳದಿಯೇ?"

"ನೀವು ಜಾಗ ಬದಲಿಸಿದಿರಲ್ಲ."

"ಬಣ್ಣ ನೋಡಿ ಕೊಡಬೇಕು ಕಣೇ, ಜಾಗ ನೋಡಿ ಅಲ್ಲ. ಅಲ್ಲಿ ಹಾಲು ಕುಡಿಯುವ ಕೂಸುಗಳಿಗೂ ಇದು ಗೊತ್ತಿರುತ್ತದೆ."

"ಹಾಗಿದ್ದರೆ ಬರುವಾಗ ಅಲ್ಲಿಂದ ಒಂದು ಕೂಸನ್ನೇ ಎತ್ತಿಕೊಂಡು ಬರಬೇಕಿತ್ತು" ಎಂದು ಅವಳು ನಕ್ಕಳು. ಚಿತ್ರಗಾರ ನಗಲಿಲ್ಲ. ಅಲ್ಲಿಂದ ಬಂದ ಮೇಲೆ ಅವನು ನಗುವುದನ್ನು ಕಡಿಮೆ ಮಾಡಿದ್ದ.

ಎದುರುಮನೆಯ ಗಾಣಿಗನ ಹೆಂಡತಿ ದಿನಾ ಬಂದು ಬಾವಿಯಿಂದ ಇವರಿಗೆ ನೀರು ಸೇದಿಟ್ಟು ಹೋಗುತ್ತಿದ್ದಳು. ನಾನು ಬಂದ ಮೇಲೆ ಬೀದಿಯವರಿಗೆ ನಮ್ಮ ಮನೆಯ ಮೇಲೆ ಎಷ್ಟು ಗೌರವ ಎಂದುಕೊಂಡ ಚಿತ್ರಗಾರ.

ಅವನ ಕಷ್ಟವೆಲ್ಲ ಆ ಚಿತ್ರದ್ದು. ಹೆಂಡತಿ ಮಣೆಯ ಮೇಲೆ ಕೂರುತ್ತಿದ್ದಳು, ಮುಖ ಎತ್ತುತ್ತಿದ್ದಳು, ನೋಟ ಮಾತ್ರ ಬಂದು ತಾಗುತ್ತಿರಲಿಲ್ಲ. ಅವನ ಕಿವಿಯ ಪಕ್ಕದಲ್ಲಿ ಹಾದು ಎಲ್ಲಿಗೋ ಹೋಗುತ್ತಿತ್ತು. "ನನ್ನ ಕಡೆ ನೋಡು" ಎಂದರೆ ಮುಖ ತಿರುಗಿಸುತ್ತಿದ್ದಳು. ಆಗ ನೋಟ ಅವನ ಬಾಯಿಯ ಮೇಲೆ ಬಂದು ಕೂರುತ್ತಿತ್ತು. ಪರದೇಶದಲ್ಲಿದ್ದು ಅವನ ಮಾತಿನ ಧಾಟಿ ಬದಲಾಗಿತ್ತು. ಅದನ್ನೇ ಅಣಕಿಸುತ್ತಿದ್ದಾಳೆ ಎಂದುಕೊಂಡ. ಬಾಯಿ ಮುಚ್ಚಿದರೆ ನೋಟ ಮತ್ತೆ ಕಿವಿಯ ಪಕ್ಕಕ್ಕೆ ಜಾರುತ್ತಿತ್ತು.

"ಬಿಟ್ಟುಹೋದದ್ದಕ್ಕೆ ಇನ್ನೂ ಸಿಟ್ಟೇ?" ಎಂದು ಕೇಳಿದ.

"ಸಿಟ್ಟಿದ್ದರೆ ಸೊಂಟ ನೋಯಿಸಿಕೊಂಡು ಇಲ್ಲಿ ಬಂದು ಕೂರುತ್ತಿದ್ದೆನೇ? ನೀವು ನೋಡುತ್ತೀರಿ ಅಂತ ಕೂರುತ್ತೇನೆ. ಒಂದೇ ಸಮನೆ ಇಷ್ಟು ಹೊತ್ತು ನನ್ನನ್ನು ಯಾರೂ ಯಾವತ್ತೂ ನೋಡಿಲ್ಲ."

ಅವನು ಆಗ ಚಿತ್ರದ ಮೂಗುತಿ ತಿದ್ದುತ್ತಿದ್ದ.

ಇತ್ತ ಬೀದಿಯಲ್ಲಿ ಮಾತು ಹುಟ್ಟಿತ್ತು. ಅಷ್ಟು ವರ್ಷ ಇದ್ದು ಬಂದವನು ತೋರಿಸುವುದು ಒಂದೇ ಚಿತ್ರ, ಅದೂ ಅರ್ಧ. ಇವನು ಹೋದದ್ದು ನಿಜವೋ, ಯಾವುದೋ ಬಂದರಿನಲ್ಲಿ ದೋಣಿಗೆ ಡಾಂಬರು ಬಳಿದುಕೊಂಡಿದ್ದನೋ ಎಂದು ಜನ ಆಡಿಕೊಂಡರು. ಒಂದು ಮಧ್ಯಾಹ್ನ ಅವನು ಹಿಮ ಬೀಳುವ ಚಂದವನ್ನು ಮತ್ತೊಮ್ಮೆ ಹೇಳಿ ಮುಗಿಸಿದಾಗ ಗಾಣಿಗ ತಡೆಯಲಾರದೆ, "ಎಲ್ಲ ಸರಿಯಪ್ಪಾ ಚಿತ್ರಗಾರ, ಏಳು ಸಮುದ್ರ ದಾಟಿ ಹೋಗಿ ಒಬ್ಬ ಕುರುಡಿಯನ್ನು ಬರೆದುಕೊಂಡು ಬಂದೆಯಲ್ಲ!" ಎಂದುಬಿಟ್ಟ.

ಯಾರೂ ನಗಲಿಲ್ಲ. ಗಾಣಿಗ ತಾನೇ ನಾಲಿಗೆ ಕಚ್ಚಿಕೊಂಡು, ಅಡಿಗೆಮನೆಯ ಬಾಗಿಲ ಕಡೆ ನೋಡಿ, ಚಪ್ಪಲಿಯನ್ನೂ ಮೆಟ್ಟದೆ ಹೊರಟುಹೋದ. ನನ್ನನ್ನು ಕಂಡರೆ ಎಷ್ಟು ಅಂಜಿಕೆ ಎಂದುಕೊಂಡ ಚಿತ್ರಗಾರ. ಆದರೂ ಮಾತು ಎದೆಗೆ ನಾಟಿತು. ಚಿತ್ರ ಮುಗಿಯದಿದ್ದರೆ ಹೋದದ್ದೂ ಸುಳ್ಳು, ಕಲಿತದ್ದೂ ಸುಳ್ಳು. ಇವಳಂತೂ ಹಟ ಬಿಡುವುದಿಲ್ಲ. ಇವಳು ನೋಡದಿದ್ದರೆ ಬೇಡ, ನೋಡಿದ್ದ ಕಣ್ಣು ನನಗೆ ನೆನಪಿದೆ.

ಹೀಗೆ ಅವನು ಮನೆತನದ ಕಟ್ಟಳೆ ಮುರಿದ. ಕದ ಹಾಕಿಕೊಂಡು ಕೂತು ನೆನಪಿನಿಂದಲೇ ಕಣ್ಣು ಬರೆದ. ಮನೆಯ ಅಂಟುಬಣ್ಣದಲ್ಲಿ ಅಲ್ಲ, ಅಲ್ಲಿ ಕಲಿತ ಎಣ್ಣೆಬಣ್ಣದಲ್ಲಿ. ಅಂಟುಬಣ್ಣ ನೋಡನೋಡುತ್ತ ಒಣಗುತ್ತದೆ. ಎಣ್ಣೆಬಣ್ಣ ದಿನಗಟ್ಟಲೆ ಹಸಿಯಾಗಿರುತ್ತದೆ, ಅದರ ಹೊಳಪೂ ಹೆಚ್ಚು. ಕಣ್ಣು ಹೊಳೆಯಿತು. ಹೊರಡುವ ದಿನ ಕೈ ಜೋಪಾನ ಎಂದಾಗ ಇದ್ದ, ನೀರು ತುಂಬಿದ ತುಂಟ ಕಣ್ಣು. ಬರೆದವನಿಗೇ ಮೈ ಜುಮ್ಮೆಂದಿತು.

ಬೀದಿಯವರನ್ನೆಲ್ಲ ಕರೆಸಿ ಚಿತ್ರದ ಮೇಲಿನ ಬಟ್ಟೆ ತೆಗೆದ. ಜನ ಚಿತ್ರ ನೋಡಿದರು. ಆಮೇಲೆ ನೆಲ ನೋಡಿದರು. ಗಾಣಿಗನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ನನ್ನ ಕೆಲಸ ಇವರ ಮಾತನ್ನೇ ಕಿತ್ತುಕೊಂಡಿತು ಎಂದುಕೊಂಡ ಚಿತ್ರಗಾರ.

"ಬಾರೇ ಇಲ್ಲಿ!" ಎಂದು ಹೆಂಡತಿಯನ್ನು ಕೂಗಿದ. "ಬಂದು ನಿನ್ನನ್ನು ನೀನೇ ನೋಡು!"

ಅವಳು ಗೋಡೆ ಹಿಡಿದು ಬಂದಳು. ಅವನು ಕೈಹಿಡಿದು ಚಿತ್ರದ ಮುಂದೆ ನಿಲ್ಲಿಸಿದ. ಅವನು ಬಂದ ದಿನ ಅವನ ಮುಖ ಹಿಡಿದಂತೆಯೇ ಅವಳು ಎರಡೂ ಕೈ ಚಾಚಿ ಚಿತ್ರದ ಮುಖವನ್ನು ಹಿಡಿದಳು. ಬೆರಳು ಹಣೆಯ ಮೇಲೆ ಹೋಯಿತು. ಮೂಗಿನ ಮೇಲೆ ಹೋಯಿತು. ಕಣ್ಣುಗಳ ಮೇಲೆ ಹೋಯಿತು. ಹಸಿಬಣ್ಣ ಬೆರಳ ಹಿಂದೆಯೇ ಹೊರಟು, ಎರಡು ಕಣ್ಣೂ ಕಿವಿಯ ತನಕ ಅಳಿಸಿಹೋದವು.

"ಅಯ್ಯೋ ಪಾಪಿ! ಕಣ್ಣು ಕಾಣುವುದಿಲ್ಲವೇನೇ ನಿನಗೆ?" ಎಂದು ಚಿತ್ರಗಾರ ಕಿರುಚಿದ.

"ಇಲ್ಲ" ಎಂದಳು ಅವಳು.

ಯಾರೋ ಕೆಮ್ಮಿದರು. ಚಿತ್ರಗಾರ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರಿಗೂ ಗೊತ್ತಿತ್ತು. ಆಗ ಹೆಂಡತಿಯ ಮುಖ ನೋಡಿದ. ಕಣ್ಣಿನ ಬೊಂಬೆಯ ಮೇಲೆ, ಅವನ ಗೋಡೆಯ ಸುಣ್ಣದಷ್ಟೇ ಬೆಳ್ಳಗೆ, ಪೊರೆ ಕೂತಿತ್ತು.

"ಯಾವಾಗಿನಿಂದ?"

"ನೀವು ಬರುವ ಮುಂಚೆಯೇ."

"ಯಾಕೆ ಹೇಳಲಿಲ್ಲ?"

"ದಿನಾ ಎದುರಿಗೆ ಕೂರಿಸಿಕೊಂಡು ನನ್ನ ಕಣ್ಣನ್ನೇ ನೋಡುತ್ತಿದ್ದಿರಲ್ಲ. ನಿಮಗೆ ಗೊತ್ತಾಗಿದೆ, ನನಗೆ ನೋಯಬಾರದೆಂದು ಬಾಯಿ ಬಿಡುತ್ತಿಲ್ಲ ಅಂದುಕೊಂಡೆ. ಬಣ್ಣ ನೋಡಿ ಕೊಡು ಅಂತ ನೀವು ಬೈದದ್ದನ್ನೂ ತಮಾಷೆ ಅಂದುಕೊಂಡೆ. ಎಂಥ ಗಂಡ ನೋಡಿ ಅಂತ ಬೀದಿಗೆಲ್ಲ ಹೇಳಿಕೊಂಡಿದ್ದೆ" ಎಂದಳು. ಇಷ್ಟು ಹೇಳಿ ತಿರುಗಿ, ಗೋಡೆ ಹಿಡಿದು, ಬಂದಂತೆಯೇ ಹೋದಳು.

ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಚಿತ್ರಗಾರ ಉಳಿದ. ಬಿಳಿಗೋಡೆಯ ಮೇಲೆ, ಮಣೆಯಿಂದ ಅಡಿಗೆಮನೆಯ ಬಾಗಿಲ ತನಕ, ಹೊಸ ಗೆರೆ ಬಿದ್ದಿತ್ತು. ಈ ಸಲ ಮಸಿಯದಲ್ಲ. ಚಿತ್ರದ ಕಣ್ಣಿನ ಕಪ್ಪು ಅದು.

ಆ ಗೆರೆಯ ಮೇಲೆ ಅವನು ಸುಣ್ಣ ಬಳಿಯಲಿಲ್ಲ. ಚಿಪ್ಪುಗಳನ್ನು ನೆಲಕ್ಕಿಳಿಸಿ ಹಳೆಯ ಸಾಲಿನಲ್ಲೇ ಇಟ್ಟ. ಬೆಳಿಗ್ಗೆ ಮಣೆ ಹಾಕಿ, "ಬಂದು ಕೂರೇ" ಎಂದು ಕರೆದ. ದನಿ ಮೆತ್ತಗಿತ್ತು, ಪರದೇಶದ ಧಾಟಿ ಎಲ್ಲೂ ಇರಲಿಲ್ಲ.

ಅಡಿಗೆಮನೆಯಿಂದ ಉತ್ತರವಷ್ಟೇ ಬಂತು. "ಬಂದು ಕೂತರೆ ಅಲ್ಲಿ ನೋಡುವವರು ಯಾರಿದ್ದಾರೆ?"

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗ ತೊಡೆ ತಟ್ಟಿ ನಕ್ಕ. "ಎಂಥ ಪೆದ್ದ ಬುದ್ಧೀ ಅವನು! ಒಂದೇ ಸೂರಿನಡಿ ಇದ್ದು ಗೊತ್ತಾಗಲಿಲ್ಲವೇ? ನಾನಾಗಿದ್ದರೆ ಹೊಸ್ತಿಲಲ್ಲೇ ಹಿಡಿಯುತ್ತಿದ್ದೆ." ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂದು, ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ.

ಗುರುಗಳು ಅವನ ಕೈಯಲ್ಲಿದ್ದ ಆ ವಸ್ತ್ರವನ್ನೇ ನೋಡುತ್ತ ಹೇಳಿದರು: "ಸಾರು ಸಪ್ಪೆ ಅಂದೆ ಶಂಭು, ಕೊಟ್ರಜ್ಜ ಎಲ್ಲಿ ಅಂತ ಇವತ್ತಿನವರೆಗೂ ಕೇಳಲಿಲ್ಲ."